ಹತ್ತು ಡಾಲರಿನ ಮೆನು: ಶೇರ್‌ವೇರ್ ಕಾಲದ ಒಂದು ಪುಟ್ಟ ಇತಿಹಾಸ

ಲೋಕಲ್ ಟ್ರೈನಲ್ಲಿ, ಆಫೀಸ್ ಕ್ಯಾಬಲ್ಲಿ ವಿಡಿಯೋ ನೋಡೋದಕ್ಕಿಂತ ಓದೋದೇ ಸಲೀಸು ಅನ್ನೋರಿಗಾಗಿ ಈ ಸಲದ ಮಾತುಕತೆಯ ಬರಹರೂಪ ಇಲ್ಲಿದೆ.

2012ರಲ್ಲಿ ವಿಂಡೋಸ್ 8 ಬಂದಿದ್ದು ನೆನಪಿದೆಯಾ? ಪರದೆಯ ಕೆಳಗಿನ ಎಡಮೂಲೆಯಲ್ಲಿ 1995ರಿಂದ ಕೂತಿದ್ದ ಸ್ಟಾರ್ಟ್ ಬಟನ್ ಇದ್ದಕ್ಕಿದ್ದಂತೆ ಮಾಯ. ಹದಿನೇಳು ವರ್ಷದ ರೂಢಿ ನೋಡಿ, ಮೌಸ್ ಹಿಡಿದ ಕೈ ಮಾತ್ರ ತನ್ನಷ್ಟಕ್ಕೆ ಅದೇ ಮೂಲೆಗೆ ಹೋಗ್ತಿತ್ತು. ಆಗ ನೆರವಿಗೆ ಬಂದಿದ್ದು ಸಣ್ಣಪುಟ್ಟ ತಂತ್ರಾಂಶಗಳು. ಕ್ಲಾಸಿಕ್ ಶೆಲ್ ಪುಕ್ಕಟೆ ಸಿಗ್ತಿತ್ತು. ಸ್ಟಾರ್‌ಡಾಕ್ ಕಂಪನಿಯ ಸ್ಟಾರ್ಟ್8ಗೆ ಐದು ಡಾಲರ್. ಹಳೇ ಮೆನು ಹಳೇ ಜಾಗಕ್ಕೆ ವಾಪಸ್ ಬಂತು. 2015ರಲ್ಲಿ ವಿಂಡೋಸ್ 10ರ ಜೊತೆ ಮೈಕ್ರೋಸಾಫ್ಟೇ ಅದನ್ನು ಮರಳಿ ತಂದಿತು.

ದೊಡ್ಡ ಕಂಪನಿ ಒಂದು ಸೌಲಭ್ಯ ಕೊಡೋದಿಲ್ಲ, ಇಲ್ಲಾ ಕೊಟ್ಟು ಕಿತ್ಕೊಳ್ಳುತ್ತೆ. ಎಲ್ಲೋ ಕೂತ ಒಬ್ಬ ಪ್ರೋಗ್ರಾಮರ್ ಅದನ್ನ ಬರೆದು, ಹತ್ತು ಡಾಲರ್ ಕೇಳ್ತಾನೆ. ಈ ನಾಟಕದ ಹಳೆಯ ಪ್ರಯೋಗವೊಂದು ಆಪಲ್ ಮ್ಯಾಕಿಂಟಾಷ್ ಮೇಲೆ ನಡೀತು. ಇವತ್ತು ಅದರ ಕಥೆ.

ಸೇಬಿನ ಕೆಳಗೆ ಏನಿತ್ತು?

ಮ್ಯಾಕಿಂಟಾಷ್ ಬಂದಿದ್ದು 1984ರ ಜನವರಿ 24ರಂದು. 9 ಇಂಚಿನ ಕಪ್ಪು-ಬಿಳುಪು ಪರದೆ, 128 ಕಿಲೋಬೈಟ್ ಮೆಮೊರಿ. ಒಂದು ಸಲಕ್ಕೆ ಒಂದೇ ಪ್ರೋಗ್ರಾಮ್ ಓಡ್ತಿತ್ತು. ಕಾಗದ ಟೈಪ್ ಮಾಡ್ತಾ ಮಾಡ್ತಾ ಒಂದು ಲೆಕ್ಕ ಹಾಕಬೇಕು ಅಂದ್ರೆ? ಅದಕ್ಕೆ ಪರದೆಯ ಎಡತುದಿಯಲ್ಲಿ ಸೇಬಿನ ಗುರುತಿನ ಒಂದು ಮೆನು ಇತ್ತು. ಕ್ಯಾಲ್ಕುಲೇಟರ್, ಅಲಾರಂ ಗಡಿಯಾರ, ನೋಟ್ ಪ್ಯಾಡ್, ಒಂದು ಪಜಲ್ ಆಟ, ಹೀಗೆ ಪುಟಾಣಿ ಪ್ರೋಗ್ರಾಮ್‌ಗಳು ಅಲ್ಲಿ ಸಿಗ್ತಿದ್ವು. ಡೆಸ್ಕ್ ಆಕ್ಸೆಸರಿ ಅಂತ ಅವುಗಳ ಹೆಸರು. ಮಾಡ್ತಿದ್ದ ಕೆಲಸ ಮುಚ್ಚದೇನೇ ಅವನ್ನ ತೆರೀಬಹುದಿತ್ತು. ಹೊಸದನ್ನ ಸೇರಿಸೋಕೆ ಫಾಂಟ್/ಡಿಎ ಮೂವರ್ ಅನ್ನೋ ಬೇರೆ ಉಪಕರಣ ಬೇಕು, ಅದೂ ಹೆಚ್ಚೆಂದರೆ 15ರವರೆಗೆ.

ಫ್ಲಾಪಿ ಕಾಲದಲ್ಲಿ ಇಷ್ಟು ಸಾಕಾಗಿತ್ತು. ಒಂದು ಡಿಸ್ಕಿನಲ್ಲಿ 400 ಕಿಲೋಬೈಟ್, ಹುಡುಕೋಕೆ ಏನಿದೆ? ಹಾರ್ಡ್ ಡಿಸ್ಕ್ ಬಂದ ಮೇಲೆ ಪರಿಸ್ಥಿತಿ ಬದಲಾಯ್ತು. ಆಪಲ್ 1985ರಲ್ಲಿ ಮಾರಿದ ಹಾರ್ಡ್ ಡಿಸ್ಕಿನ ಸಾಮರ್ಥ್ಯ 20 ಮೆಗಾಬೈಟ್. ಇವತ್ತಿನ ಲೆಕ್ಕದಲ್ಲಿ ನಾಲ್ಕೈದು ಫೋಟೋ ಹಿಡಿಯೋಷ್ಟು. ಆದರೆ ಅವತ್ತಿಗೆ ಅದರೊಳಗೆ ನೂರಾರು ಫೈಲು. ಒಂದು ಕಾಗದ ಬೇಕು ಅಂದ್ರೆ ಡಿಸ್ಕಿನ ಚಿತ್ರದ ಮೇಲೆ ಎರಡು ಸಲ ಒತ್ತಿ, ತೆರೆದ ಕಿಟಕಿಯಲ್ಲಿ ಫೋಲ್ಡರ್ ಹುಡುಕಿ ಮತ್ತೆರಡು ಸಲ ಒತ್ತಿ, ಅದರೊಳಗಿನ ಫೋಲ್ಡರಿಗೆ ಇನ್ನೆರಡು ಸಲ. ಪ್ರತಿ ಫೋಲ್ಡರಿಗೂ ಬೇರೆ ಕಿಟಕಿ. 9 ಇಂಚಿನಲ್ಲಿ ನಾಲ್ಕು ಕಿಟಕಿ ತೆರೆದರೆ ಒಂದರ ಮೇಲೊಂದು ಬಿದ್ದು ಯಾವುದೂ ಕಾಣದು. ಅಂಗೈಯಲ್ಲಿ ಬೆಣ್ಣೆ ಇಟ್ಕೊಂಡು ತುಪ್ಪಕ್ಕೆ ಊರೆಲ್ಲಾ ಅಲೆದ ಹಾಗೆ.

1991ರ ಮೇ 13ಕ್ಕೆ ಸಿಸ್ಟಮ್ 7 ಬಂತು. ಇದರಲ್ಲಿ ಆಪಲ್ ಒಂದು ಒಳ್ಳೇ ಕೆಲಸ ಮಾಡಿತು. ಸೇಬಿನ ಮೆನುವನ್ನೇ ಒಂದು ಫೋಲ್ಡರ್ ಮಾಡಿಬಿಟ್ಟಿತು. ಆ ಫೋಲ್ಡರಿಗೆ ನೀವು ಏನು ಹಾಕಿದ್ರೂ ಅದು ಮೆನುವಿನಲ್ಲಿ ಕಾಣುತ್ತೆ. ಪ್ರೋಗ್ರಾಮ್ ಹಾಕಿ, ಕಾಗದ ಹಾಕಿ, ಅಲಿಯಾಸ್ ಅಂದ್ರೆ ಶಾರ್ಟ್‌ಕಟ್ ಹಾಕಿ. 15ರ ಮಿತಿ ಹೋಯ್ತು. ಪಟ್ಟಿ ಅಕ್ಷರಕ್ರಮದಲ್ಲಿ ಬರ್ತಿತ್ತು ಅಂತ ಜನ ಬೇಕಾದ ಹೆಸರಿನ ಹಿಂದೆ ಖಾಲಿ ಜಾಗ ಬಿಟ್ಟು ಅದನ್ನ ಮೇಲಕ್ಕೆ ತರೋ ಉಪಾಯನೂ ಕಂಡ್ಕೊಂಡ್ರು.

ಆದರೂ ಒಂದು ಕೊರತೆ ಉಳೀತು. ಮೆನುವಿನಲ್ಲಿ ಫೋಲ್ಡರ್ ಹಾಕಿದ್ರೆ ಅದರ ಹೆಸರು ಮಾತ್ರ ಕಾಣ್ತಿತ್ತು. ಆರಿಸಿದ್ರೆ ಮತ್ತೆ ಅದೇ ಕಿಟಕಿ. ಮೆನುವಿನ ಪಕ್ಕದಲ್ಲಿ ಉಪಮೆನು ಬಿಚ್ಚೋ ಶಕ್ತಿ ಮ್ಯಾಕ್‌ಗೆ 1987ರಿಂದಲೇ ಇತ್ತು. ಶಕ್ತಿ ಇದ್ದೂ ಅದನ್ನ ಇಲ್ಲಿ ಬಳಸಿರಲಿಲ್ಲ. ಉಪಮೆನು ಒಂದು ಹಂತ ಮೀರಬಾರದು ಅಂತ ಆಪಲ್‌ನ ವಿನ್ಯಾಸ ನಿಯಮಗಳೇ ಹೇಳ್ತಿದ್ವು.

ಸಣ್ಣ ಫೈಲು, ದೊಡ್ಡ ಉಪಕಾರ

ಈ ಕೊರತೆಯನ್ನ ಹೊರಗಿನವರು ತುಂಬಿದ್ರು. ಮೆನುಚಾಯ್ಸ್, ಬಿಹೈರಾರ್ಕಿಕ್ ಅನ್ನೋ ಶೇರ್‌ವೇರ್‌ಗಳು ಬಂದ್ವು. ನೌ ಯುಟಿಲಿಟೀಸ್ ಅನ್ನೋ ಅಂಗಡಿ ಸರಕಿನಲ್ಲೂ ಇಂಥದ್ದೊಂದು ಇತ್ತು. ಫೈಲನ್ನ ಸಿಸ್ಟಮ್ ಫೋಲ್ಡರಿಗೆ ಹಾಕಿ ಮ್ಯಾಕ್ ಮತ್ತೆ ಶುರು ಮಾಡಿದ್ರೆ ಮುಗೀತು. ಸೇಬಿನ ಮೇಲೆ ಒತ್ತಿ ಹಿಡಿದು ಕೆಳಗೆ ಸರಿಸಿದ್ರೆ ಡಿಸ್ಕಿನ ಹೆಸರು, ಅದರ ಪಕ್ಕ ಫೋಲ್ಡರುಗಳು, ಅದರ ಪಕ್ಕ ಒಳ ಫೋಲ್ಡರು, ಕೊನೆಗೆ ಬೇಕಾದ ಕಾಗದ. ಬೆರಳು ಬಿಟ್ಟರೆ ಕಾಗದ ತೆರೀತು. ನಡುವೆ ಒಂದು ಕಿಟಕಿಯೂ ಇಲ್ಲ.

ಇದು ಹೇಗೆ ಸಾಧ್ಯವಾಯ್ತು ಅನ್ನೋದು ನಮ್ಮ ಐಟಿ ಮಂದಿಗೆ ಖುಷಿ ಕೊಡೋ ಭಾಗ. ಮ್ಯಾಕ್‌ನಲ್ಲಿ ಯಾವ ಪ್ರೋಗ್ರಾಮೂ ಮೆನುವನ್ನ ತಾನೇ ನಡೆಸ್ತಿರಲಿಲ್ಲ. ಟೂಲ್‌ಬಾಕ್ಸ್ ಅನ್ನೋ ಸಿದ್ಧ ಸಂಗ್ರಹದಲ್ಲಿದ್ದ ಕೆಲಸಗಾರನನ್ನ ಕರೀತಿತ್ತು. ಯಾವ ಕೆಲಸಗಾರ ಎಲ್ಲಿದ್ದಾನೆ ಅನ್ನೋ ವಿಳಾಸಗಳ ಪಟ್ಟಿ ಮೆಮೊರಿಯಲ್ಲಿರ್ತಿತ್ತು, ಅದನ್ನ ತಿದ್ದಬಹುದಿತ್ತು. ಮ್ಯಾಕ್ ಶುರುವಾಗುವಾಗಲೇ ಈ ಸಣ್ಣ ಫೈಲು ಓಡಿ, ಮೆನು ನೋಡ್ಕೊಳ್ಳೋನ ವಿಳಾಸದ ಜಾಗದಲ್ಲಿ ತನ್ನ ವಿಳಾಸ ಬರೀತಿತ್ತು, ಹಳೇದನ್ನ ನೆನಪಿಟ್ಕೊಳ್ತಿತ್ತು. ಪೋಸ್ಟ್‌ಮ್ಯಾನ್‌ಗೆ "ಆ ಮನೆಗೆ ಬರೋ ಕಾಗದ ಮೊದಲು ನನಗೆ ಕೊಡಪ್ಪ, ನೋಡಿ ಆಮೇಲೆ ಅವರಿಗೆ ತಲುಪಿಸ್ತೀನಿ" ಅಂದ ಹಾಗೆ. ನಾವು ಇವತ್ತು ಹುಕ್ ಅಂತೀವಲ್ಲ, ಅದೇ.

ಆದರೆ ಒಂದೇ ಮನೆಯ ಕಾಗದಕ್ಕೆ ನಾಲ್ಕು ಜನ ಕೈಚಾಚಿದ್ರೆ? ಒಂದು ಎಕ್ಸ್‌ಟೆನ್ಷನ್ ಇನ್ನೊಂದರ ಕಾಲು ತುಳಿದು, ಪರದೆ ಮೇಲೆ ಉರಿಯೋ ಬತ್ತಿಯ ಬಾಂಬಿನ ಚಿತ್ರ ಬರ್ತಿತ್ತು. ಒಂದು ಪ್ರೋಗ್ರಾಮಿನ ಮೆಮೊರಿಯನ್ನ ಇನ್ನೊಂದರಿಂದ ಕಾಪಾಡೋ ಗೋಡೆ ಆ ಕಾಲದ ಮ್ಯಾಕ್‌ನಲ್ಲಿರಲಿಲ್ಲ. ಶುರುವಾಗುವಾಗ ಶಿಫ್ಟ್ ಕೀ ಹಿಡಿದು ಎಲ್ಲವನ್ನೂ ಆಫ್ ಮಾಡಿ, ಒಂದೊಂದಾಗಿ ಸೇರಿಸಿ ಕಳ್ಳನನ್ನ ಹಿಡೀಬೇಕಿತ್ತು. ಈ ಕೆಲಸಕ್ಕಂತಲೇ ಕಾನ್‌ಫ್ಲಿಕ್ಟ್ ಕ್ಯಾಚರ್ ಅನ್ನೋ ತಂತ್ರಾಂಶ ಮಾರಾಟವಾಯ್ತು ಅಂದ್ರೆ ಪಾಡು ಊಹಿಸ್ಕೊಳ್ಳಿ. ಇಷ್ಟೆಲ್ಲಾ ಇದ್ದೂ ಜನ ಈ ಮೆನುಗಳನ್ನ ಬಿಡಲಿಲ್ಲ. ದಿನಕ್ಕೆ ಐವತ್ತು ಸಲ ಮಾಡೋ ಕೆಲಸದಲ್ಲಿ ಎರಡೆರಡು ಸೆಕೆಂಡ್ ಉಳಿದ್ರೆ ಅದರ ಸುಖ ಕೈಗೆ ಗೊತ್ತಾಗುತ್ತೆ.

ನಂಬಿಕೆ ಮೇಲೆ ನಡೆದ ವ್ಯಾಪಾರ

ಈಗ ದುಡ್ಡಿನ ವಿಷಯಕ್ಕೆ ಬರೋಣ. ಮೊದಲು ಬಳಸಿ, ಹಿಡಿಸಿದ್ರೆ ಕೊಡಿ ಅನ್ನೋ ಪದ್ಧತಿ ಹುಟ್ಟಿದ್ದು 1982ರಲ್ಲಿ, ಐಬಿಎಂ ಪಿಸಿ ಮೇಲೆ. ಕ್ಯಾಲಿಫೋರ್ನಿಯಾದ ಆಂಡ್ರ್ಯೂ ಫ್ಲೂಗಲ್‌ಮನ್ ವಕೀಲಿಕೆ ಓದಿದವರು. ಮೋಡೆಮ್ ಮೂಲಕ ಮಾತಾಡಿಸೋ ಪಿಸಿ-ಟಾಕ್ ಬರೆದು ಹಂಚಿದ್ರು. ಉಪಯೋಗವಾದ್ರೆ 25 ಡಾಲರ್ ಕಳಿಸಿ ಅಂದ್ರು. ಅವರು ಇಟ್ಟ ಹೆಸರು ಫ್ರೀವೇರ್. ಅದೇ ವರ್ಷ, ಐಬಿಎಂನಲ್ಲೇ ಕೆಲಸಕ್ಕಿದ್ದ ಜಿಮ್ ನಾಫ್ ತಮ್ಮ ಚರ್ಚಿನ ವಿಳಾಸಪಟ್ಟಿಗಾಗಿ ಬರೆದ ಪ್ರೋಗ್ರಾಮನ್ನ ಹೀಗೇ ಹಂಚಿದ್ರು. ಒಬ್ಬರಿಗೊಬ್ಬರ ಸುದ್ದಿ ಗೊತ್ತಾದ ಮೇಲೆ ಜಗಳ ಆಡಲಿಲ್ಲ. ಪಿಸಿ-ಟಾಕ್‌ಗೆ ಜೋಡಿಯಾಗೋ ಹಾಗೆ ನಾಫ್ ತಮ್ಮದಕ್ಕೆ ಪಿಸಿ-ಫೈಲ್ ಅಂತ ಹೆಸರಿಟ್ರು, ಬೆಲೆಯನ್ನೂ ಅಷ್ಟೇ ಮಾಡಿದ್ರು. ಬರೋ ಕಾಗದಗಳ ರಾಶಿ ಬೆಳೆದು 1984ರಲ್ಲಿ ನಾಫ್ ಐಬಿಎಂ ಕೆಲಸವನ್ನೇ ಬಿಟ್ರು.

ಶೇರ್‌ವೇರ್ ಅನ್ನೋ ಹೆಸರು ಬಳಕೆಗೆ ಬಂದಿದ್ದು ಬಾಬ್ ವಾಲೆಸ್ ಅವರಿಂದ. ಮೈಕ್ರೋಸಾಫ್ಟಿನ ಒಂಬತ್ತನೇ ನೌಕರ. 1983ರಲ್ಲಿ ಅಲ್ಲಿಂದ ಹೊರಬಂದು ಪಿಸಿ-ರೈಟ್ ಬರೆದ್ರು. ನೀವು ಹಂಚಿದ ಪ್ರತಿಯನ್ನ ಪಡೆದವರು ದುಡ್ಡು ಕಟ್ಟಿ ನೋಂದಾಯಿಸಿದ್ರೆ, ಹಂಚಿದ ನಿಮಗೂ 25 ಡಾಲರ್ ಕಮಿಷನ್ ಸಿಗ್ತಿತ್ತು! ಪ್ರತಿ ಮಾಡೋರನ್ನ ಕಳ್ಳ ಅನ್ನೋ ಬದಲು ಏಜೆಂಟ್ ಮಾಡಿಬಿಟ್ಟ ಮನುಷ್ಯ.

ಫ್ಲೂಗಲ್‌ಮನ್ ಮುಂದೆ ಪಿಸಿ ವರ್ಲ್ಡ್, ಮ್ಯಾಕ್‌ವರ್ಲ್ಡ್ ಪತ್ರಿಕೆಗಳ ಸಂಪಾದಕರಾದ್ರು. 1985ರ ಜುಲೈನಲ್ಲಿ ಕಾಣೆಯಾದ್ರು. ಅವರ ಕಾರು ಗೋಲ್ಡನ್ ಗೇಟ್ ಸೇತುವೆ ಹತ್ತಿರ ಸಿಕ್ಕಿತು. ಅವರು ಹುಟ್ಟುಹಾಕಿದ ಪದ್ಧತಿ ಮಾತ್ರ ಮ್ಯಾಕ್ ಲೋಕದಲ್ಲೂ ಬೇರುಬಿಟ್ಟಿತು. ಬರ್ಕ್‌ಲಿ, ಬಾಸ್ಟನ್ ಬಳಕೆದಾರ ಸಂಘಗಳ ಫ್ಲಾಪಿಗಳಲ್ಲಿ, ಇನ್ಫೋ-ಮ್ಯಾಕ್ ಸಂಗ್ರಹದಲ್ಲಿ ಇಂಥ ಉಪಕರಣಗಳು ಸಾಲುಗಟ್ಟಿದ್ವು. 1994ರಲ್ಲಿ ಶುರುವಾದ ಕಾಗಿ ಅನ್ನೋ ಸಂಸ್ಥೆ ಬರೆದವರ ಪರವಾಗಿ ಹಣ ಪಡೆದು ತಲುಪಿಸ್ತಿತ್ತು.

ನಮ್ಮ ದೇಶದಲ್ಲಿ ಹೇಗಿತ್ತು? ಮ್ಯಾಕ್ ಹೆಚ್ಚಾಗಿ ಕಾಣ್ತಿದ್ದಿದ್ದು ಮುದ್ರಣದವರ, ಜಾಹೀರಾತಿನವರ ಹತ್ರ. ಪಿಸಿಯವರಿಗೆ ಶೇರ್‌ವೇರ್ ಬಂದಿದ್ದು ಪತ್ರಿಕೆ ಜೊತೆಗಿನ ಸಿಡಿಯಲ್ಲಿ, ಗೆಳೆಯರ ಫ್ಲಾಪಿಯಲ್ಲಿ. ವಿನ್‌ಜಿಪ್ ತೆರೆದಾಗ "ಒಪ್ಪಿಗೆ" ಒತ್ತಿ ಮುಂದೆ ಹೋಗೋದು, ವಿನ್‌ರಾರ್‌ನ 40 ದಿನದ ಗಡುವು ವರ್ಷಗಟ್ಟಲೆ ಮುಗೀದೇ ಇರೋದು, ಇದು ನಮಗೆಲ್ಲ ಗೊತ್ತು. ಇದಕ್ಕೆ ಬರೀ ಜಿಪುಣತನ ಕಾರಣ ಅನ್ನೋಕಾಗಲ್ಲ. 1973ರ ಫೆರಾ ಕಾಯ್ದೆ 2000ದ ಜೂನ್‌ವರೆಗೂ ಜಾರಿಯಲ್ಲಿತ್ತು. ವಿದೇಶಕ್ಕೆ ಹತ್ತು ಡಾಲರ್ ಕಳಿಸೋದು ಸಾಮಾನ್ಯನಿಗೆ ಸುಲಭದ ಮಾತಾಗಿರಲಿಲ್ಲ. ಕೊಡೋ ಮನಸ್ಸಿದ್ದವನಿಗೂ ದಾರಿ ಇರಲಿಲ್ಲ. ದಾರಿ ಇಲ್ಲದ ಕಾಲದಲ್ಲಿ ಬೆಳೆದ ಅಭ್ಯಾಸ, ದಾರಿ ಆದ ಮೇಲೂ ಉಳ್ಕೊಂಡಿತು.

ನುಂಗಿದ್ದು, ಆಮೇಲೆ ಉಗುಳಿದ್ದು

1994ರಲ್ಲಿ ಸಿಸ್ಟಮ್ 7.5 ಬಂತು. ಆಪಲ್ ಮೆನು ಆಪ್ಷನ್ಸ್ ಅನ್ನೋ ಹೆಸರಲ್ಲಿ ಉಪಮೆನುಗಳು ಸಿಸ್ಟಮಿನ ಭಾಗವೇ ಆದ್ವು. ಇದೊಂದೇ ಅಲ್ಲ. ಮೆನು ಸಾಲಿನಲ್ಲಿ ಗಡಿಯಾರ ತೋರಿಸೋ ಸೂಪರ್‌ಕ್ಲಾಕ್ ಸ್ಟೀವ್ ಕ್ರಿಸ್ಟೆನ್‌ಸೆನ್ ಬರೆದಿದ್ದು. ಕಿಟಕಿಯನ್ನ ಪರದೆ ಸುತ್ತಿದ ಹಾಗೆ ಮೇಲಕ್ಕೆ ಸುತ್ತೋ ವಿಂಡೋಶೇಡ್ ರಾಬ್ ಜಾನ್‌ಸ್ಟನ್ ಅವರದು. ಎರಡೂ ಅದೇ 7.5ರ ಒಳಗೆ ಸೇರಿದ್ವು. ಒಬ್ಬೊಬ್ಬರು ಬರೆದ ಪುಟ್ಟ ಫೈಲುಗಳು ಲಕ್ಷಾಂತರ ಕಂಪ್ಯೂಟರಿನ ಸಹಜ ಗುಣ ಅನ್ನಿಸಿಬಿಟ್ವು. ಬಳಕೆದಾರನಿಗೆ ಲಾಭವೇ. ಆದರೆ ಅದೇ ಕೆಲಸದ ಶೇರ್‌ವೇರ್ ಬರೆದು ಹತ್ತು ಡಾಲರಿಗೆ ಕಾಯ್ತಿದ್ದವನಿಗೆ? ಅವನ ಸರಕು ಇದ್ದಕ್ಕಿದ್ದಂತೆ ಪುಕ್ಕಟೆ ಆಯ್ತು.

ಮುಂದಿನ ತಿರುವು ಇನ್ನೂ ಮಜಾ. 2000ದಲ್ಲಿ ಮ್ಯಾಕ್ ಓಎಸ್ ಟೆನ್‌ನ ಪರೀಕ್ಷಾ ಆವೃತ್ತಿ ಬಂದಾಗ ಸೇಬಿನ ಮೆನುವೇ ಇರಲಿಲ್ಲ. ಸೇಬಿನ ಚಿತ್ರ ಮೆನು ಸಾಲಿನ ನಡುವೆ ಸುಮ್ನೆ ಅಲಂಕಾರಕ್ಕೆ ಕೂತಿತ್ತು, ಒತ್ತಿದ್ರೆ ಏನೂ ಆಗ್ತಿರಲಿಲ್ಲ. ಬಳಕೆದಾರರು ಗಲಾಟೆ ಎಬ್ಬಿಸಿದ್ರು. 2001ರ ಮಾರ್ಚ್‌ನಲ್ಲಿ ಮೆನು ವಾಪಸ್ ಬಂತು, ಆದರೆ ನಮಗೆ ಬೇಕಾದ್ದನ್ನ ಹಾಕ್ಕೊಳ್ಳೋ ಸ್ವಾತಂತ್ರ್ಯ ಬರಲಿಲ್ಲ. ಅದನ್ನ ಮತ್ತೆ ತಂದುಕೊಟ್ಟಿದ್ದು ಯಾರು? ಫ್ರೂಟ್‌ಮೆನು ಅನ್ನೋ ಹೊಸ ಶೇರ್‌ವೇರ್. ಹತ್ತು ವರ್ಷದ ಹಿಂದಿನ ನಾಟಕ ಮತ್ತೆ ಮೊದಲಿಂದ.

ನೋಡಿ, ಇಲ್ಲೊಂದು ಕ್ರಮ ಇದೆ. ದೊಡ್ಡ ಕಂಪನಿ ಕೋಟಿ ಜನರ ಸರಾಸರಿ ನೋಡಿ ತೀರ್ಮಾನ ಮಾಡುತ್ತೆ. ಸಣ್ಣ ಉಪಕರಣ ಬರೆಯೋನು ನೋಡೋದು ತನ್ನ ಕೈಗೆ ದಿನವೂ ಆಗೋ ಕಿರಿಕಿರಿಯನ್ನ. ಅದಕ್ಕೇ ಬಳಕೆದಾರನ ರೂಢಿಯನ್ನ ಕಾಪಾಡ್ತಾ ಬಂದಿರೋರು ಹೆಚ್ಚಾಗಿ ಇವರೇ. ಕನ್ನಡದ ಮಟ್ಟಿಗೂ ಇದು ನಿಜ. ಕಂಪ್ಯೂಟರಿನಲ್ಲಿ ಸರಾಗವಾಗಿ ಕನ್ನಡ ಟೈಪ್ ಮಾಡೋ ಸೌಕರ್ಯವನ್ನ ಮನೆಮನೆಗೆ ತಲುಪಿಸಿದ ಬರಹ ತಂತ್ರಾಂಶ, 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಒಬ್ಬರೇ ಬರೆದು ಉಚಿತವಾಗಿ ಹಂಚಿದ್ದು. ಊರು ಬಿಟ್ಟು ಬಂದ ಎಷ್ಟೋ ಜನ ಮೊದಲ ಕನ್ನಡ ಇಮೇಲ್ ಕಳಿಸಿದ್ದು ಅದರಿಂದಲೇ.

ಹಳೇ ಸಿಸ್ಟಮ್ 7 ಇವತ್ತು ಬ್ರೌಸರಿನಲ್ಲೇ ಓಡುತ್ತೆ. ಇನ್ಫಿನಿಟ್ ಮ್ಯಾಕ್ ಅನ್ನೋ ತಾಣಕ್ಕೆ ಹೋದ್ರೆ ಸೇಬಿನ ಮೆನು ನೀವೇ ಬಿಚ್ಚಿ ನೋಡಬಹುದು. ಆ ಕಾಲದ ಉಪಕರಣಗಳೂ ಸಂಗ್ರಹಗಳಲ್ಲಿ ಸಿಗುತ್ತವೆ, "ಹಿಡಿಸಿದ್ರೆ ಹಣ ಕಳಿಸಿ" ಅನ್ನೋ ಕೋರಿಕೆ ಸಮೇತ. ಆದರೆ ಕಾಗಿ 2016ರಲ್ಲಿ ಮುಚ್ಚಿತು. ಅದರ ಮೂಲಕ ಹಣ ಕೇಳ್ತಿದ್ದ ಹಳೇ ಉಪಕರಣಗಳಿಗೆ ಇವತ್ತು ಕೊಡ್ತೀನಿ ಅಂದ್ರೂ ಆ ಕಿಟಕಿಯಲ್ಲಿ ತಗೊಳ್ಳೋರಿಲ್ಲ.

ನಮ್ಮ ಕಾಲದವರ ಕಿಟಕಿ ಮಾತ್ರ ಇನ್ನೂ ತೆರೆದಿದೆ. ಫೆರಾ ಇಲ್ಲ, ಕಾರ್ಡ್ ಇದೆ. ನಾಳೆ ಆಫೀಸಿನಲ್ಲಿ ನಿಮ್ಮ ಲ್ಯಾಪ್‌ಟಾಪ್ ತೆರೆದಾಗ ಒಂದು ಸಲ ಎಣಿಸಿ: ಕ್ಲಿಪ್‌ಬೋರ್ಡ್ ಇಟ್ಕೊಳ್ಳೋದು, ಸ್ಕ್ರೀನ್‌ಶಾಟ್ ತೆಗೆಯೋದು, ಫೈಲ್ ಹುಡುಕೋದು, ಇಂಥ ಒಬ್ಬರೇ ಬರೆದ ಉಪಕರಣ ಎಷ್ಟಿವೆ ಅಂತ. ಅದರಲ್ಲಿ ಒಂದಕ್ಕಾದರೂ ಒಂದು ಮಸಾಲೆ ದೋಸೆ, ಕಾಫಿಯ ದುಡ್ಡು ಕಳಿಸಿ. ಆ ಉಪಕರಣದ ಹೆಸರೇನು ಅಂತ ಕೆಳಗೆ ಬರೀರಿ, ಬೇರೆಯವರಿಗೂ ಗೊತ್ತಾಗಲಿ.