ವಾರ್ಮಿಂಟ್ ರೈಫಲ್

ವಾರ್ಮಿಂಟ್ ರೈಫಲ್: ಬೆಳೆಗೆ, ಹುಲ್ಲುಗಾವಲಿಗೆ, ಸಾಕಿದ ಕೋಳಿ ಕುರಿಗಳಿಗೆ ಹಾನಿ ಮಾಡುತ್ತವೆಂದು ರೈತರು ಎಣಿಸುವ ಸಣ್ಣ ಕಾಡುಪ್ರಾಣಿಗಳನ್ನು ದೂರದಿಂದ ಹೊಡೆಯಲು ರೂಪಿಸಿದ, ಸಣ್ಣ ಕ್ಯಾಲಿಬರಿನ ಬಂದೂಕು. ಹುಟ್ಟಿ ಬೆಳೆದದ್ದು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ. ಪೂರ್ವದ ರಾಜ್ಯಗಳ ಹುಲ್ಲುಗಾವಲುಗಳಲ್ಲಿ ಬಿಲ ತೋಡುವ ವುಡ್‌ಚಕ್, ಪಶ್ಚಿಮದ ಬಯಲುಗಳ ಪ್ರೇರಿ ಡಾಗ್, ಕಾಗೆ, ಕಯೋಟೆ ಇದರ ಮುಖ್ಯ ಗುರಿಗಳು. ಈ ಲೇಖನ 1930ರಿಂದ 1970ರ ಸುಮಾರಿನವರೆಗೆ ತಯಾರಾದ, .22 ಅಂಗುಲ (5.6 ಮಿ.ಮೀ.) ಆಸುಪಾಸಿನ ಬೋಲ್ಟ್ ಆ್ಯಕ್ಷನ್ ಮಾದರಿಗಳನ್ನು, ಅಂದರೆ ಬೋಲ್ಟಿನ ಹಿಡಿಯನ್ನು ಕೈಯಿಂದ ಎತ್ತಿ, ಹಿಂದಕ್ಕೆಳೆದು, ಮುಂದಕ್ಕೆ ತಳ್ಳಿ ತೋಟೆ ತುಂಬುವ ರೈಫಲ್‌ಗಳನ್ನು ಕುರಿತದ್ದು. ಇಂದು ಸಂಗ್ರಾಹಕರು ಹುಡುಕಿ ಕೊಳ್ಳುವುದೂ ಗುಂಡಿನ ಮೈದಾನಕ್ಕೆ ಒಯ್ದು ಹೊಡೆಯುವುದೂ ಇವುಗಳನ್ನೇ.

ಈ ಬಂದೂಕಿನ ಇತಿಹಾಸವನ್ನು ಮುನ್ನಡೆಸಿದ್ದು ಒಂದೇ ತೊಡಕು. ಗುರಿ ಮುಷ್ಟಿಯಷ್ಟು ಚಿಕ್ಕದು. ಅದು ಎಷ್ಟು ದೂರದಲ್ಲಿದೆ ಎಂಬುದನ್ನು ಕಣ್ಣಂದಾಜಿನಲ್ಲೇ ಹೇಳಬೇಕು. ಸಾಮಾನ್ಯ .22 ರಿಮ್‌ಫೈರ್ (ಬುಡದ ಅಂಚಿಗೆ ಹೊಡೆದು ಹೊತ್ತಿಸುವ) ತೋಟೆಯ ಗುಂಡಿಗೆ 100 ಮೀಟರಿಗೆ ಗುರಿ ಹೊಂದಿಸಿದರೆ 150 ಮೀಟರಿನಲ್ಲಿ ಅದು ಒಂದು ಅಡಿಗೂ ಹೆಚ್ಚು ಕೆಳಗಿಳಿದಿರುತ್ತದೆ. ಅಂದಾಜು ತುಸು ತಪ್ಪಿದರೂ ಗುಂಡು ಮಣ್ಣಿಗೆ ಹೋಗುತ್ತದೆ, ಇಲ್ಲವೇ ಪ್ರಾಣಿ ಗಾಯಗೊಂಡು ಬಿಲ ಸೇರಿ ನರಳುತ್ತದೆ. ದೂರ ಅಳೆಯುವ ಲೇಸರ್ ಉಪಕರಣಗಳಿಲ್ಲದ ಕಾಲದಲ್ಲಿ ಇದಕ್ಕಿದ್ದ ಪರಿಹಾರ ವೇಗವೊಂದೇ. ಗುಂಡು ವೇಗವಾದಷ್ಟೂ ಅದರ ಹಾದಿ ಚಪ್ಪಟೆಯಾಗುತ್ತದೆ, ಅಂದಾಜಿನ ತಪ್ಪಿಗೆ ಕ್ಷಮೆ ಹೆಚ್ಚುತ್ತದೆ. ಇದರ ಜೊತೆಗೆ, ಹಗುರ ಗುಂಡು ಅತಿವೇಗದಲ್ಲಿ ನೆಲಕ್ಕೆ ಬಡಿದಾಗ ಚೂರಾಗುವುದರಿಂದ ಪುಟಿದು ಎಲ್ಲೆಲ್ಲೋ ಹಾರುವ ಅಪಾಯ ಕಡಿಮೆ. ತೋಟದಮನೆಗಳು ಒತ್ತಾಗಿದ್ದ ಪೂರ್ವದ ರಾಜ್ಯಗಳಲ್ಲಿ ಈ ಗುಣಕ್ಕೆ ಬಹಳ ಬೆಲೆಯಿತ್ತು.

ಆರಂಭದ ಪ್ರಯತ್ನಗಳು ಹವ್ಯಾಸಿಗಳವು. ವಿಂಚೆಸ್ಟರ್ ಕಂಪನಿ 1885ರಲ್ಲಿ ಕರಿಮದ್ದಿನ .22 ಡಬ್ಲ್ಯುಸಿಎಫ್ ಎಂಬ ಸೆಂಟರ್‌ಫೈರ್ (ಬುಡದ ನಡುವಿನ ಕೇಪಿಗೆ ಹೊಡೆದು ಹೊತ್ತಿಸುವ) ತೋಟೆಯನ್ನು ತಂದಿತ್ತು. ವೇಗ ಸಾಲದೆ ಅದು ಮೂಲೆಗೆ ಬಿದ್ದಿತು. 1890ರ ದಶಕದಲ್ಲಿ ರೂಬೆನ್ ಹಾರ್ವುಡ್, ಆಮೇಲೆ ಎ. ಒ. ನೀಡ್ನರ್ ಮೊದಲಾದವರು ದೊಡ್ಡ ತೋಟೆಗಳ ಕತ್ತನ್ನು ಕಿರಿದುಗೊಳಿಸಿ .22 ಗುಂಡು ಕೂರಿಸಿ ನೋಡಿದರು. 1912ರಲ್ಲಿ ಚಾರ್ಲ್ಸ್ ನ್ಯೂಟನ್ ರೂಪಿಸಿದ .22 ಸ್ಯಾವೇಜ್ ಹೈಪವರ್ ಅಂಗಡಿಗೆ ಬಂತು, ಆದರೆ ಅದು ಲಿವರ್ ಆ್ಯಕ್ಷನ್ ರೈಫಲಿನ ತೋಟೆ.

ನಿಜವಾದ ತಿರುವು 1920ರ ದಶಕದಲ್ಲಿ, ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರದ ಸುತ್ತ ಕಲೆತ ಕೆಲವು ಸೇನಾಧಿಕಾರಿಗಳಿಂದ ಬಂತು. ಗ್ರೋವ್ನರ್ ವಾಟ್ಕಿನ್ಸ್, ಟೌನ್ಸೆಂಡ್ ವೇಲನ್ ಮತ್ತು ಅವರ ಸಂಗಡಿಗರು ಮರೆತುಹೋಗಿದ್ದ ಆ .22 ಡಬ್ಲ್ಯುಸಿಎಫ್ ತೋಟೆಯ ಲೋಹದ ಕೋಶಕ್ಕೆ ಹೊಗೆರಹಿತ ಮದ್ದು ತುಂಬಿ, ತಾಮ್ರಮಿಶ್ರಲೋಹದ ತೆಳು ಕವಚದ 45 ಗ್ರೇನ್ (2.9 ಗ್ರಾಂ) ಗುಂಡು ಕೂರಿಸಿದರು. ಸೈನಿಕರ ತರಬೇತಿಗೆಂದು ಮಾಡಿದ್ದ 1922ರ ಮಾದರಿಯ .22 ರಿಮ್‌ಫೈರ್ ರೈಫಲಿನ ಬೋಲ್ಟನ್ನು ಮಾರ್ಪಡಿಸಿ ಪ್ರಯೋಗ ನಡೆಸಿದರು. ಇದಕ್ಕೆ ಹಾರ್ನೆಟ್ ಎಂಬ ಹೆಸರು ನಿಂತಿತು. ವಿಂಚೆಸ್ಟರ್ 1930ರಲ್ಲಿ ತೋಟೆಯನ್ನು ಮಾರಾಟಕ್ಕೆ ತಂದಾಗ ಅದಕ್ಕೊಪ್ಪುವ ಕಾರ್ಖಾನೆಯ ರೈಫಲ್ ಒಂದೂ ಇರಲಿಲ್ಲ! ಕೊಳ್ಳುವವರು ಬಂದೂಕು ಕಮ್ಮಾರರ ಬಳಿ ಹೋಗಿ ಮಾಡಿಸಿಕೊಂಡರು. ಬಳಕೆದಾರರು ಮೊದಲು, ತೋಟೆ ಆಮೇಲೆ, ರೈಫಲ್ ಕೊನೆಗೆ: ಬಂದೂಕು ಉದ್ಯಮದಲ್ಲಿ ಈ ಕ್ರಮ ಅಪರೂಪ. ಸ್ಯಾವೇಜ್ ಕಂಪನಿಯ 23-ಡಿ ಮೊದಲು ಈ ಕೊರತೆ ತುಂಬಿತು. ವಿಂಚೆಸ್ಟರ್‌ನ ಮಾದರಿ 54 ಬೆನ್ನಿಗೇ ಬಂತು. ಮೊದಲ ತೋಟೆಗಳ ವೇಗ ಸೆಕೆಂಡಿಗೆ ಸುಮಾರು 730 ಮೀಟರ್. ಮುಂದೆ ಅದು 820 ಮೀಟರಿಗೆ ಏರಿತು. ಹಾರ್ನೆಟ್ ಹಿಡಿದವನಿಗೆ 150 ಮೀಟರಿನವರೆಗೆ ಧೈರ್ಯ ಬಂತು. ಶಬ್ದವೂ ಅಷ್ಟಕ್ಕಷ್ಟೇ ಆದ್ದರಿಂದ ನೆರೆಯ ರೈತರೂ ತಕರಾರು ತೆಗೆಯಲಿಲ್ಲ.

ಐದೇ ವರ್ಷದಲ್ಲಿ ವೇಗದ ಹಂಬಲ ತುತ್ತತುದಿಗೆ ಹೋಯಿತು. ವಿಂಚೆಸ್ಟರ್ 1935ರಲ್ಲಿ ತಂದ .220 ಸ್ವಿಫ್ಟ್, ನೌಕಾಪಡೆಯ ಹಳೆಯ 6 ಮಿ.ಮೀ. ಲೀ ತೋಟೆಯ ಕೋಶದಿಂದ ರೂಪುಗೊಂಡದ್ದು. ಅದರ 48 ಗ್ರೇನ್ ಗುಂಡಿಗೆ ಕಂಪನಿ ಘೋಷಿಸಿದ ವೇಗ ಸೆಕೆಂಡಿಗೆ 4,110 ಅಡಿ, ಅಂದರೆ 1,250 ಮೀಟರಿನಷ್ಟು. ಮಾರುಕಟ್ಟೆಯ ತೋಟೆಯೊಂದು 4,000 ಅಡಿ ದಾಟಿದ್ದು ಅದೇ ಮೊದಲು. ಆದರೆ ಅಷ್ಟು ಮದ್ದಿನ ಉರಿ ನಳಿಗೆಯ ಬಾಯಿಗಿಂತ ಮೊದಲು ಅದರ ಬುಡವನ್ನು ಸವೆಸಿತು. ವಿಂಚೆಸ್ಟರ್ ತನ್ನ ಮಾದರಿ 70ರ ಸ್ವಿಫ್ಟ್ ರೈಫಲ್‌ಗಳಿಗೆ ತುಕ್ಕು ಹಿಡಿಯದ ಉಕ್ಕಿನ ನಳಿಗೆ ಹಾಕಬೇಕಾಯಿತು. ನಳಿಗೆ ತಿನ್ನುವ ತೋಟೆ ಎಂಬ ಕುಖ್ಯಾತಿ ಸ್ವಿಫ್ಟಿಗೆ ಅಂಟಿಕೊಂಡಿತು. ಇದರಲ್ಲಿ ಅರ್ಧ ಅನ್ಯಾಯವಿದೆ: ನಳಿಗೆ ಆರಲು ಬಿಡದೆ ಒಂದರ ಮೇಲೊಂದು ಗುಂಡು ಹಾರಿಸಿದವರಿಗೇ ಆ ನಷ್ಟ ಹೆಚ್ಚಾಗಿ ಆದದ್ದು.

ಮಾದರಿ 54ರ ಉತ್ತರಾಧಿಕಾರಿಯಾಗಿ 1936ರಲ್ಲಿ ತಯಾರಾಗತೊಡಗಿದ ಮಾದರಿ 70 ಈ ವರ್ಗದ ಹಳೆಯ ರೈಫಲ್‌ಗಳಲ್ಲೆಲ್ಲ ಹೆಚ್ಚು ಆರಾಧನೆ ಪಡೆದದ್ದು. ಮಾಸರ್ ರೈಫಲಿನ ಬಗೆಯ ಅಗಲ ಎಕ್ಸ್‌ಟ್ರಾಕ್ಟರ್ (ಖಾಲಿ ಕೋಶವನ್ನು ಎಳೆದು ತೆಗೆಯುವ ಕೊಕ್ಕೆ), ಕೈಯಿಂದ ಕೊರೆದ ಹಿಡಿಯ ಗೆರೆಗಳು, ಸರಳ ಗಟ್ಟಿಮುಟ್ಟಾದ ಕುದುರೆ ಇದರ ವಿಶೇಷ. ಪುಟ್ಟ ಹಾರ್ನೆಟ್ ತೋಟೆಯನ್ನೂ ಇದೇ ಉದ್ದನೆಯ ರಿಸೀವರಿನಲ್ಲಿ (ಬೋಲ್ಟ್ ಕೂರುವ ಚೌಕಟ್ಟಿನಲ್ಲಿ), ಮಾಗಜಿನ್ನಿನೊಳಗೆ ತಡೆ ಕೂರಿಸಿ ಹೊಂದಿಸಿದ್ದರು. 1964ರಲ್ಲಿ ಖರ್ಚು ಇಳಿಸಲು ಕಂಪನಿ ಎಕ್ಸ್‌ಟ್ರಾಕ್ಟರನ್ನೂ ಕೈಗೆತ್ತನೆಯನ್ನೂ ಕೈಬಿಟ್ಟಿತು. ಸ್ವಿಫ್ಟ್ ಕೂಡ ಆ ಹೊತ್ತಿಗೆ ಪಟ್ಟಿಯಿಂದ ಹೋಯಿತು. ಆ ವರ್ಷದ ಹಿಂದಿನವು, ಮುಂದಿನವು ಎಂಬ ಗೆರೆ ಸಂಗ್ರಾಹಕರ ಲೋಕದಲ್ಲಿ ಇಂದಿಗೂ ಅಳಿಸಿಲ್ಲ. ಕೈ ಸಡಿಲವಿಲ್ಲದವರಿಗಾಗಿ ವಿಂಚೆಸ್ಟರ್ 1949ರಿಂದ 1957ರವರೆಗೆ ಮಾದರಿ 43 ಎಂಬ ಅಗ್ಗದ, ಹಗುರ ರೈಫಲನ್ನು ಹಾರ್ನೆಟ್ ಮತ್ತು .218 ಬೀ ತೋಟೆಗಳಿಗೆ ಮಾಡಿತು. ಸ್ಯಾವೇಜ್‌ನ 340 ಇನ್ನೂ ಅಗ್ಗ. ಅಂದಿನ ರೈತರ ಕೈಯಲ್ಲಿ ನಿಜವಾಗಿ ಸವೆದ ಬಂದೂಕುಗಳ ಸಾಲಿಗೆ ಸೇರುವ ಇವು, ಬೆಲೆ ಕಡಿಮೆಯೆಂಬ ಕಾರಣಕ್ಕೆ ಉಪೇಕ್ಷೆಗೆ ಒಳಗಾಗಿರುವುದು ಸರಿಯಲ್ಲ.

ಕಾರ್ಖಾನೆಗಳು ಮಾಡಿದ್ದಕ್ಕಿಂತ ಹೆಚ್ಚು ಹೊಸತನ್ನು ಹಿತ್ತಿಲ ಕಾರ್ಯಾಗಾರಗಳು ಹುಡುಕಿದವು. ಲೈಲ್ ಕಿಲ್ಬರ್ನ್ ಹಾರ್ನೆಟ್ ಕೋಶದ ಭುಜವನ್ನು ಹಿಗ್ಗಿಸಿ ಕೆ-ಹಾರ್ನೆಟ್ ಮಾಡಿದರು. .250 ಸ್ಯಾವೇಜ್ ಕೋಶದ ಕತ್ತು ಕಿರಿದುಗೊಳಿಸಿದ .22-250 ದಶಕಗಳ ಕಾಲ ಹವ್ಯಾಸಿಗಳ ತೋಟೆಯಾಗಿಯೇ ಬಾಳಿ, 1965ರಲ್ಲಷ್ಟೇ ರೆಮಿಂಗ್ಟನ್ ಕಂಪನಿಯ ಮುದ್ರೆ ಪಡೆಯಿತು. ಎರಡನೇ ಮಹಾಯುದ್ಧದಲ್ಲಿ ಗುಂಡುಗಳು ಸಿಗದಾದಾಗ, ಹಾರಿಸಿ ಬಿಸಾಡಿದ .22 ರಿಮ್‌ಫೈರ್ ಕೋಶಗಳನ್ನೇ ಒತ್ತಿ ಗುಂಡಿನ ಕವಚ ಮಾಡುವ ಅಚ್ಚನ್ನು ಕ್ಯಾಲಿಫೋರ್ನಿಯಾದ ಫ್ರೆಡ್ ಹಂಟಿಂಗ್ಟನ್ ತಯಾರಿಸಿದರು. ರಾಕ್‌ಚಕ್ ಎಂಬ ಪ್ರಾಣಿಯ ಬೇಟೆಗಾರರಿಗಾಗಿ ಮಾಡಿದ ಆ ಅಚ್ಚಿನ ಹೆಸರಿನಿಂದಲೇ ಆರ್‌ಸಿಬಿಎಸ್ ಎಂಬ ಪ್ರಸಿದ್ಧ ಕಂಪನಿ ಹುಟ್ಟಿತು. ಈ ಕೈಕೆಲಸದ ಸಂಸ್ಕೃತಿಯನ್ನು ಬಿಟ್ಟು ವಾರ್ಮಿಂಟ್ ರೈಫಲನ್ನು ಅರ್ಥಮಾಡಿಕೊಳ್ಳಲಾಗದು. ಚಾರ್ಲ್ಸ್ ಲ್ಯಾಂಡಿಸ್ 1947ರಲ್ಲಿ ಇದೇ ವಿಷಯಕ್ಕೆ ಮೀಸಲಾದ ದೊಡ್ಡ ಗ್ರಂಥವನ್ನೇ ಬರೆದರು.

1950ರಲ್ಲಿ ಬಂದ .222 ರೆಮಿಂಗ್ಟನ್ ಹಾರ್ನೆಟ್ ಮತ್ತು ಸ್ವಿಫ್ಟ್‌ಗಳ ನಡುವಿನ ಖಾಲಿಯನ್ನು ತುಂಬಿತು. ರೂಪಿಸಿದವರು ರೆಮಿಂಗ್ಟನ್ನಿನ ಎಂಜಿನಿಯರ್ ಮೈಕ್ ವಾಕರ್. ಅವರು ಸ್ವತಃ ಬೆಂಚ್‌ರೆಸ್ಟ್ (ರೈಫಲನ್ನು ಮೇಜಿನ ಆಸರೆಯ ಮೇಲಿಟ್ಟು ಹೊಡೆಯುವ) ಸ್ಪರ್ಧಿ. ಹಳೆಯ ಯಾವ ಕೋಶವನ್ನೂ ತಿದ್ದದೆ, ಪೂರ್ತಿ ಹೊಸದಾಗಿ ವಿನ್ಯಾಸ ಮಾಡಿದರು. 50 ಗ್ರೇನ್ ಗುಂಡು, ಸೆಕೆಂಡಿಗೆ ಸುಮಾರು 975 ಮೀಟರ್ ವೇಗ, ಮೆತ್ತನೆಯ ಹಿಂಬಡಿತ. ಮಾದರಿ 722 ಎಂಬ ಬೆಡಗಿಲ್ಲದ ರೈಫಲಿನಲ್ಲಿ ಇದು ತೋರಿಸಿದ ನಿಖರತೆ ಬೇಟೆಗಾರರನ್ನು ಬೆರಗುಗೊಳಿಸಿತು; 1970ರ ದಶಕದ ನಡುವಿನವರೆಗೆ ಬೆಂಚ್‌ರೆಸ್ಟ್ ಸ್ಪರ್ಧೆಗಳಲ್ಲಿ ಇದರದೇ ಮೇಲುಗೈ. ಇದೇ ಕೋಶವನ್ನು ಹಿಗ್ಗಿಸಿದ್ದರಿಂದ .223 ರೆಮಿಂಗ್ಟನ್ನೂ ಅದರ ಸೇನಾರೂಪವಾದ 5.56×45 ಮಿ.ಮೀ. ತೋಟೆಯೂ ಬಂದವು. ಭಾರತೀಯ ಸೇನೆಯ ಇನ್ಸಾಸ್ ರೈಫಲ್ ಬಳಸುವುದು ಈ ವಂಶದ ತೋಟೆಯನ್ನೇ.

ಯುರೋಪಿನಲ್ಲಿ ವಾರ್ಮಿಂಟ್ ರೈಫಲಿನ ರೂಪ ಬೇರೆ. ಜೆಕೊಸ್ಲೊವಾಕಿಯಾದ ಬ್ರನೋ ಕಾರ್ಖಾನೆ, ಕೌಟ್ಸ್ಕಿ ಸೋದರರ ವಿನ್ಯಾಸದ ಝಡ್‌ಕೆಡಬ್ಲ್ಯು 465 ಎಂಬ ಹಾರ್ನೆಟ್ ರೈಫಲನ್ನು ಎರಡನೇ ಮಹಾಯುದ್ಧದ ನಂತರ ಮಾಡಿತು. ಮಾಸರ್ ರೈಫಲನ್ನು ಎಲ್ಲ ಅಳತೆಯಲ್ಲೂ ಕುಗ್ಗಿಸಿದಂತಿರುವ ಇದರಲ್ಲಿ ತೋಟೆಗೆ ತಕ್ಕ ಆ್ಯಕ್ಷನ್ ಇದೆ, ಒಂದಿಂಚು ಲೋಹವೂ ವ್ಯರ್ಥವಾಗಿಲ್ಲ. ವಿಂಚೆಸ್ಟರಿನ ಉದ್ದನೆಯ ರಿಸೀವರಿನಲ್ಲಿ ಹಾರ್ನೆಟ್ ಕಳೆದುಹೋದಂತೆ ಕಾಣುವುದನ್ನು ನೋಡಿದವರಿಗೆ ಬ್ರನೋದ ಜಾಣತನ ಕೂಡಲೇ ತಿಳಿಯುತ್ತದೆ. ಫಿನ್‌ಲ್ಯಾಂಡಿನ ಸಾಕೋ ಕಂಪನಿ ರೀಹಿಮ್ಯಾಕಿ ಪಟ್ಟಣದಲ್ಲಿ ಮಾಡಿದ ಎಲ್46 ಕೂಡ ಇದೇ ದಾರಿಯದು. ಅಮೆರಿಕಕ್ಕೂ ಸಾಕಷ್ಟು ಹೋಯಿತು.

ಬೇಟೆಯಾದ ಪ್ರಾಣಿಗಳ ಕಡೆಯಿಂದಲೂ ಈ ಇತಿಹಾಸವನ್ನು ಓದಬೇಕು. ಉಳುಮೆ, ವಿಷಪ್ರಯೋಗ, ಪ್ಲೇಗ್ ರೋಗಗಳ ಜೊತೆಗೆ ಗುಂಡೇಟೂ ಸೇರಿ ಪ್ರೇರಿ ಡಾಗ್‌ಗಳ ನೆಲೆ ಬಹುಪಾಲು ಅಳಿಯಿತು. ಅವನ್ನೇ ತಿಂದು ಬದುಕುವ ಕರಿಪಾದದ ಫೆರೆಟ್ ನಿರ್ನಾಮವಾಯಿತೆಂದೇ ಎಣಿಸಿದ್ದರು; 1981ರಲ್ಲಿ ವಯೋಮಿಂಗ್‌ನ ಮೀಟೀಟ್ಸೆ ಬಳಿ ಅದರ ಕೊನೆಯ ಗುಂಪೊಂದು ಕಂಡಿತು. ಒಂದು ಜೀವಿಯನ್ನು ಉಪದ್ರವವೆಂದು ಕರೆದ ಮಾತ್ರಕ್ಕೆ ಅದರ ಸಾವಿಗೆ ಲೆಕ್ಕವಿಡಬೇಕಿಲ್ಲ ಎಂಬ ಹಳೆಯ ಧೋರಣೆಯನ್ನು ಈ ಬಂದೂಕುಗಳನ್ನು ಪ್ರೀತಿಸುವವರೂ ಸಮರ್ಥಿಸಲಾಗದು. ಭಾರತದಲ್ಲಿ ಇಂಥ ಬೇಟೆಯ ಪರಂಪರೆ ಬೇರೂರಲು ಆಸ್ಪದವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸುತ್ತದೆ. ಕಾಗೆ, ಇಲಿ, ಹೆಗ್ಗಣ, ಹಣ್ಣುಬಾವಲಿಗಳನ್ನು ಉಪದ್ರವಿಗಳ ಐದನೇ ಅನುಸೂಚಿಯಲ್ಲಿಟ್ಟಿತ್ತು, 2022ರ ತಿದ್ದುಪಡಿ ಆ ಅನುಸೂಚಿಯನ್ನೇ ತೆಗೆಯಿತು. ಶಸ್ತ್ರ ಪರವಾನಗಿಯಿಂದ ವಿನಾಯಿತಿ ಪಡೆದ ಕೊಡಗಿನ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬೇಟೆಯ ನಿಷೇಧ ಎಲ್ಲರಂತೆಯೇ ಅನ್ವಯಿಸುತ್ತದೆ.

ಸಂಗ್ರಹದಲ್ಲಿ ಬೆಲೆ ಕಟ್ಟುವುದು ಮೂಲರೂಪ ಉಳಿದಿರುವುದಕ್ಕೆ. ಅಮೆರಿಕದಲ್ಲಿ 50 ವರ್ಷ ದಾಟಿದ ಬಂದೂಕನ್ನು ಕಾನೂನು ಕ್ಯೂರಿಯೋ ಅಥವಾ ರೆಲಿಕ್ (ಸಂಗ್ರಹಯೋಗ್ಯ ಹಳೆಯ ವಸ್ತು) ಎಂಬ ವರ್ಗಕ್ಕೆ ಸೇರಿಸುವುದಕ್ಕೂ ಅದು ಮೂಲರೂಪದಲ್ಲಿರಬೇಕು. ಆದರೆ ವಾರ್ಮಿಂಟ್ ರೈಫಲ್‌ಗಳು ತಿದ್ದಿಸಿಕೊಳ್ಳಲೆಂದೇ ಹುಟ್ಟಿದಂಥವು. ಟೆಲಿಸ್ಕೋಪ್ ಕೂರಿಸಲು ರಿಸೀವರಿಗೆ ಹೆಚ್ಚುವರಿ ತೂತು, ಹಾರ್ನೆಟ್ ಕೋಣೆಯನ್ನು ಕೆ-ಹಾರ್ನೆಟ್‌ಗೆ ಹಿಗ್ಗಿಸಿದ್ದು, ಉಜ್ಜಿ ಹೊಸ ಪಾಲಿಶ್ ಕೊಟ್ಟ ಮರದ ಹಿಡಿ: ಇವೆಲ್ಲ ಬೆಲೆಯನ್ನು ತಗ್ಗಿಸುತ್ತವೆ, ಆದರೂ ಅಂದಿನ ಬಳಕೆದಾರನ ಮನಸ್ಸನ್ನು ತಿಳಿಸುವ ಸಾಕ್ಷಿಗಳು ಇವೇ. ನುರಿತ ಕಮ್ಮಾರನ ಕೈಯ ಹಳೆಯ ಕೆ-ಹಾರ್ನೆಟ್ ಒಂದನ್ನು ಹಾಳಾದ ಮಾದರಿ 70 ಎಂದು ಕರೆಯುವುದು ಕುರುಡುತನ. ಅಪರೂಪದ ಕ್ಯಾಲಿಬರಿನ ನಳಿಗೆಯನ್ನು ಸಾಮಾನ್ಯ ಮಾದರಿ 70ಕ್ಕೆ ಜೋಡಿಸಿ ಮಾರುವ ಮೋಸವೂ ಇದೆ. ಹಾಗಾಗಿ ಸರಣಿ ಸಂಖ್ಯೆ, ನಳಿಗೆಯ ಮುದ್ರೆ, ನೀಲಿ ಲೇಪದ ಬಣ್ಣ, ಮಾಗಜಿನ್ನಿನ ಒಳತಡೆ ಒಂದಕ್ಕೊಂದು ಹೊಂದುತ್ತವೆಯೇ ಎಂದು ಬಲ್ಲವರು ನೋಡುತ್ತಾರೆ.

ಹೊಡೆಯುವವರು ಮೊದಲು ನೋಡುವುದು ನಳಿಗೆಯ ಒಳಗನ್ನು. ಹಳೆಯ ಕೇಪುಗಳ ಪೊಟ್ಯಾಸಿಯಂ ಕ್ಲೋರೇಟ್ ಸುಟ್ಟಮೇಲೆ ಉಪ್ಪು ಉಳಿಸುತ್ತಿತ್ತು. ನೀರಿನಿಂದ ತೊಳೆಯದೆ ಇಟ್ಟ ರೈಫಲ್‌ಗಳ ನಳಿಗೆಯಲ್ಲಿ ತುಕ್ಕಿನ ಗುಳಿಗಳಿರುತ್ತವೆ. ಮೊದಲ ಹಾರ್ನೆಟ್ ನಳಿಗೆಗಳು .223 ಅಂಗುಲ ವ್ಯಾಸದ ಗುಂಡಿಗೆ ಮಾಡಿದವು, ಆಮೇಲೆ ರೂಢಿಗೆ ಬಂದದ್ದು .224, ತೋಟೆ ತುಂಬುವ ಮೊದಲು ನಳಿಗೆಯನ್ನು ಅಳೆಯಲೇಬೇಕು. ಹಾರ್ನೆಟ್ ಕೋಶದ ಲೋಹ ತೆಳು, ಅಚ್ಚಿನಲ್ಲಿ ಅವಸರ ಮಾಡಿದರೆ ಕತ್ತು ಮುದುಡುತ್ತದೆ, ಕೆಲವೇ ಸಲದ ಬಳಕೆಗೆ ಸೀಳುತ್ತದೆ.

ಈಗಿನ ಹೊಸ ಸವಾಲು ಸೀಸದ್ದು. ಹದ್ದು ರಣಹದ್ದುಗಳು ಗುಂಡಿನ ಚೂರು ತಿಂದು ಸಾಯುವುದನ್ನು ತಡೆಯಲು ಕ್ಯಾಲಿಫೋರ್ನಿಯಾ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡನ್ನು ಪೂರ್ತಿ ನಿಷೇಧಿಸಿದೆ. ತಾಮ್ರ ಸೀಸಕ್ಕಿಂತ ಹಗುರ, ಆದ್ದರಿಂದ ಅಷ್ಟೇ ತೂಕದ ತಾಮ್ರದ ಗುಂಡು ಹೆಚ್ಚು ಉದ್ದವಿರುತ್ತದೆ. ಉದ್ದನೆಯ ಗುಂಡು ಅಲುಗದೆ ಹಾರಬೇಕಾದರೆ ನಳಿಗೆಯೊಳಗಿನ ಸುರುಳಿ ಬಿಗಿಯಾಗಿರಬೇಕು. ಹಳೆಯ ಹಾರ್ನೆಟ್‌ಗಳ ಸುರುಳಿ 16 ಅಂಗುಲಕ್ಕೊಂದೇ ಸುತ್ತು. ಹಾಗಾಗಿ ಅವುಗಳಿಗೆ ತೀರಾ ಹಗುರವಾದ, ಗಿಡ್ಡನೆಯ ತಾಮ್ರದ ಗುಂಡುಗಳೇ ಬೇಕು. ಭಾರದ ಗುಂಡು ಹಾಕಿದರೆ ಅದು ಗುರಿಯ ಕಾಗದವನ್ನು ಅಡ್ಡಡ್ಡಲಾಗಿ ತೂತು ಮಾಡುತ್ತದೆ.