ಹೊಳಿ ಆಚೆ ಹೆಣ್ಣು ಕೊಡಬ್ಯಾಡ್ರಿ ಅಂತಿದ್ದಳು ಅಜ್ಜಿ

ಹೋದ ತಿಂಗಳು ನಮ್ಮ ಮನ್ಯಾಗ ಒಂದು ಮಾತು ಎದ್ದಿತು. ಸಣ್ಣ ಮಗಳಿಗೆ ಕಡೆಬಾಗಿಲಿನಿಂದ ಒಂದು ಸಂಬಂಧ ಬಂದೈತಿ. ಹುಡುಗ ಚಲೋ, ಮನಿತನ ಚಲೋ, ಭತ್ತದ ಗದ್ದಿ ಐತಿ. ಎಲ್ಲಾರೂ ಹೂಂ ಅನ್ನೋದ್ರಾಗ ಅತ್ತಿಯವರು ಎಲಿ ಅಡಿಕಿ ಮಡಚಿಕೊಂತ, “ಹೊಳಿ ಆಚೆ ಹೆಣ್ಣು ಕೊಡೋದು ಈ ಮನ್ಯಾಗ ಇಲ್ಲ” ಅಂದುಬಿಟ್ರು. ಯಾಕ ಅಂದ್ರ, “ಅಜ್ಜಿ ಹೇಳ್ಯಾಳ.” ಅಷ್ಟೇ.

ಅಜ್ಜಿ ಅಂದ್ರ ಅತ್ತಿಯವರ ಅತ್ತಿ. ನಾ ಸೊಂಡೂರು ಕಡಿಂದ ಬುಕ್ಕಸಾಗರಕ್ಕೆ ಸೊಸಿಯಾಗಿ ಬಂದಾಗ ಅಕಿ ಇನ್ನೂ ಗಟ್ಟಿ ಇದ್ದಳು. ರೊಟ್ಟಿ ಬಡಿಯುವಾಗ ಬಗಲಿಗೆ ಕುಂತು ಕಥಿ ಹೇಳಾಕಿ. ಆಗ ಅರ್ಧ ಕಿವಿಯಿಂದ ಕೇಳಿದ್ದೆ. ಈಗ ಕುಂತು ಜೋಡಿಸಿ ನೋಡಿದೆ. ಅಜ್ಜಿಯ ಆ ಒಂದು ಮಾತಿನಾಗ ನಮ್ಮೂರಿನ ಇತಿಹಾಸ ಅರ್ಧ ಅಡಗಿ ಕುಂತೈತಿ ಅನ್ನಿಸ್ತು.

ನಮ್ಮೂರು ನಿಮಗೆಲ್ಲ ಗೊತ್ತಿದ್ದದ್ದೇ. ಹೊಸಪೇಟೆಯಿಂದ ಕಮಲಾಪುರ ದಾಟಿ ಕಂಪ್ಲಿ ರಸ್ತೆ ಹಿಡಿದ್ರ, ಎರಡೂ ಕಡೆ ಬಾಳೆ, ಕಬ್ಬು, ಭತ್ತ, ಅದರ ಹಿಂದೆ ಒಂದರ ಮ್ಯಾಲೊಂದು ಪೇರಿಸಿಟ್ಟಂಗ ಬಂಡೆಗುಡ್ಡ. ಊರಿನ ಉತ್ತರಕ್ಕ ತುಂಗಭದ್ರಾ. ಹಂಪಿಗೆ ಬಂದವರು ವಿಠ್ಠಲ ಗುಡಿ, ಕಲ್ಲಿನ ರಥ ನೋಡಿ ಹಿಂದಕ್ಕ ತಿರುಗ್ತಾರ. ಅದೇ ಹೊಳಿ ಅಲ್ಲಿಂದ ಕೆಳಗ ಹರಿದು ನಮ್ಮೂರಿಗೆ ಬರ್ತದ ಅನ್ನೋದು ಬಾಳ ಮಂದಿಗೆ ಗೊತ್ತಿಲ್ಲ.

ಊರಿನ ಹೆಸರಿನಾಗೇ ಬುಕ್ಕ ಅದಾನ. ವಿಜಯನಗರ ಕಟ್ಟಿದ ಅಣ್ಣತಮ್ಮಂದಿರೊಳಗ ಬುಕ್ಕರಾಯ 1356ರಿಂದ 1377ರ ತನಕ ಆಳಿದವನು. ನಮ್ಮ ಸುತ್ತ ಹೆಸರು ಕೇಳ್ರಿ: ಬುಕ್ಕಸಾಗರ, ರಾಮಸಾಗರ, ದೇವಸಮುದ್ರ. ಸಮುದ್ರ ನೂರಾರು ಮೈಲಿ ದೂರ, ಊರಿಗೆಲ್ಲ ಸಾಗರದ ಹೆಸರು! ಬಿಸಿಲ ಸೀಮ್ಯಾಗ ನೀರಿನ ಬೆಲಿ ತಿಳಿದವರೇ ಹಿಂಗ ಹೆಸರಿಡೋದು. ಆ ರಾಜರು ಹೊಳಿಗೆ ಅಡ್ಡ ಕಲ್ಲಿನ ಒಡ್ಡು ಹಾಕಿ ಕಾಲುವೆ ತೆಗೆಸಿದರು. ರಾಯ ಕಾಲುವೆ, ಬಸವ ಕಾಲುವೆ, ತುರ್ತಾ ಕಾಲುವೆ, ರಾಮಸಾಗರ ಕಾಲುವೆ, ಕಂಪ್ಲಿ ಕಾಲುವೆ. ಪಟ್ಟಣ 1565ರಾಗ ಹಾಳಾತು, ಅರಮನಿ ಬಿತ್ತು, ಆದ್ರ ಕಾಲುವೆ ನಿಲ್ಲಲಿಲ್ಲ. ಅವತ್ತಿನ ಕಾಲುವೆಗಳಿಂದ ಇವತ್ತೂ ಈ ಸೀಮಿಯ ಬಾಳೆ ಬೆಳೀತದ. ಗುಡಿ ನೋಡಾಕ ಟಿಕೆಟ್ ಐತಿ. ಕಾಲುವ್ಯಾಗ ನಾವು ಬಟ್ಟೆ ಒಗಿತೀವಿ.

ಈಗ ಹೊಳಿ ಮಾತಿಗೆ ಬರ್ತೀನಿ. ಆಚೆ ದಂಡಿಗೆ ಕಡೆಬಾಗಿಲು, ಅಂದ್ರ ಆನೆಗೊಂದಿ ಕಡೆಯ ಕೊನೇ ಬಾಗಿಲು. ಕಣ್ಣಿಗೆ ಕಾಣೋ ಊರು. ಆದ್ರ ಅಜ್ಜಿ ಮದುವಿಯಾಗಿ ಬಂದಾಗ ಅದು ಬ್ಯಾರೆ ರಾಜ್ಯ! ಹೆಂಗ ಅಂದ್ರ, 1800ರಾಗ ನಿಜಾಮ ಬಳ್ಳಾರಿ ಸೀಮಿಯನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟ. ನಾವು ಮದ್ರಾಸಿನವರಾದ್ವಿ. ಹೊಳಿ ಆಚೆ ರಾಯಚೂರು ಸೀಮೆ ನಿಜಾಮನ ಕೈಯಾಗೇ ಉಳೀತು. ನೂರೈವತ್ತು ವರ್ಷ ಹತ್ತಿರ ಈ ಹೊಳಿಯೇ ಗಡಿ.

ಅಜ್ಜಿ ಹುಟ್ಟಿದ್ದು ಕಡೆಬಾಗಿಲು. ಮದುವಿ ಆದದ್ದು ಡ್ಯಾಮಿನ ಕೆಲಸ ಶುರುವಾದ ವರ್ಷ, ಅಂದ್ರ 1945. ಹರಿಗೋಲಿನ್ಯಾಗ ಕುಂತು ದಿಬ್ಬಣ ಬಂತಂತ. ಹರಿಗೋಲು ನಮ್ಮ ಹೊಳಿಗೆ ಹೊಸದೇನಲ್ಲ. 1520ರ ಸುಮಾರಿಗೆ ಕೃಷ್ಣದೇವರಾಯನ ಪಟ್ಟಣಕ್ಕ ಬಂದಿದ್ದ ಪೋರ್ಚುಗೀಸ್ ಪಯಣಿಗ ಪಾಯೆಸ್, ಬುಟ್ಟಿಯಂಗ ಗುಂಡಗಿನ ದೋಣಿ, ಒಳಗ ಬೆತ್ತ ಹೊರಗ ಚರ್ಮ, ಹದಿನೈದು ಇಪ್ಪತ್ತು ಮಂದಿ ಹಿಡಿಸ್ತದ, ಸುತ್ತುತ್ತಲೇ ಹೋಗ್ತದ ಅಂತ ಬರೆದಿಟ್ಟಾನ. “ತಲಿ ತಿರುಗಿತು, ಬಾಸಿಂಗ ಹಿಡಕೊಂಡು ಕುಂತಿದ್ದೆ” ಅಂತ ಅಜ್ಜಿ ಹೇಳಿ ನಗಾಕಿ.

ನಗು ಅಲ್ಲಿಗೇ ಮುಗೀತಿತ್ತು. ತವರಿನ್ಯಾಗ ಉಡಿಗೆ ಹಾಕಿದ ರೂಪಾಯಿ ನಿಜಾಮನ ಹಾಲಿ ಸಿಕ್ಕಾ. ಇಲ್ಲಿ ಅಂಗಡ್ಯಾಗ ನಡೀತಿರಲಿಲ್ಲ. ಅಂಥ ಏಳು ರೂಪಾಯಿ ಕೊಟ್ರ ಇಲ್ಲಿಯ ಆರು. ನಿಜಾಮನ ರಾಜ್ಯದಾಗ ಗಡಿ ದಾಟೋ ಸಾಮಾನಿಗೆ ಸುಂಕ ಬ್ಯಾರೆ. ತವರಿನ ಬುತ್ತಿ ಗಂಟು ಹೊತ್ತು ಬರೋದಕ್ಕೂ ಅಂಜಿಕಿ. 1947ರಾಗ ಈ ದಂಡ್ಯಾಗ ಸ್ವಾತಂತ್ರ್ಯದ ಬಾವುಟ ಏರಿತು, ಆ ದಂಡ್ಯಾಗ ಇಲ್ಲ. ರಜಾಕಾರರ ಗಲಾಟಿಯಾಗ ಆಚಿನ ಹಳ್ಳಿ ಜನ ಮಕ್ಕಳು ಮರಿ ಕಟ್ಟಿಕೊಂಡು ಹೊಳಿ ದಾಟಿ ಈ ಕಡೆ ಬಂದರು. ಅಜ್ಜಿಯ ಅಣ್ಣನ ಹೆಂಡತಿ ಎರಡು ಕೂಸು ಕರಕೊಂಡು ಬಂದು ಇದೇ ಪಡಸಾಲ್ಯಾಗ ಇದ್ದಳಂತ. 1948ರ ಸೆಪ್ಟೆಂಬರಿನ್ಯಾಗ ಭಾರತದ ದಂಡು ಹೈದರಾಬಾದಿಗೆ ಹೋದ ಮ್ಯಾಲೇ ಹಿಂದಕ್ಕ ಹೋದಳು.

ನಿಜಾಮ ಹೋದ. ಹೊಳಿ ಎಲ್ಲಿ ಹೋಗಬೇಕು?

ಪಂಚಮಿ ಹಬ್ಬಕ್ಕ ಹೆಣ್ಣುಮಕ್ಕಳು ತವರಿಗೆ ಹೋಗಬೇಕಲ್ರಿ. ಅಣ್ಣ ಬಂದು ಕರಕೊಂಡು ಹೋಗಬೇಕು, ಉಂಡಿ ತಿನಬೇಕು, ಜೋಕಾಲಿ ಆಡಬೇಕು. ಆದ್ರ ಪಂಚಮಿ ಬರೋದು ಶ್ರಾವಣದಾಗ. ಮಲೆನಾಡಿನ್ಯಾಗ ಮಳಿ ಹಿಡಿದು ಹೊಳಿ ತುಂಬೋದೂ ಆವಾಗೇ. ಹರಿಗೋಲು ಬಂದ್. ಹಂಗಾಗಿ ಕಣ್ಣೆದುರಿಗೆ ತವರು ಇದ್ರೂ ಅಜ್ಜಿಗೆ ಎಷ್ಟೋ ಪಂಚಮಿ ತಪ್ಪಿದವು.

ಒಂದು ಶ್ರಾವಣ, ಡ್ಯಾಮು ಇನ್ನೂ ಮುಗಿದಿರಲಿಲ್ಲ, ತಾಯಿಗೆ ಹುಷಾರಿಲ್ಲ ಅಂತ ಅಂಬಿಗ ಸುದ್ದಿ ತಂದ. ಮುಂಜಾನೆ ಎದ್ದು ಕೂಸು ಕಂಕುಳಾಗ ಎತ್ತಿಕೊಂಡು ದಂಡಿಗೆ ಹೋದ್ರ ರಾತ್ರೋರಾತ್ರಿ ಹೊಳಿ ಏರಿಬಿಟ್ಟಿತ್ತು. ಮೂರು ದಿನ ಹೋಗಿ ಬಂಡಿ ಮ್ಯಾಲೆ ಕುಂತು ಬಂದಳಂತ. ನೀರು ಇಳಿದು ಮೊದಲ ಹರಿಗೋಲು ಬಂದಾಗ ತಾಯಿ ಮಣ್ಣು ಮುಗಿದು ಎರಡು ದಿನ ಆಗಿತ್ತು. ಆ ಕಂಕುಳಿನ ಕೂಸು ನಮ್ಮ ಮಾವನವರು. ಅವತ್ತಿಂದ ಅಜ್ಜಿ ಬಾಯಾಗ ಒಂದೇ ಮಾತು: “ನನ್ನ ಮನಿ ಹೆಣ್ಣು ಹೊಳಿ ಆಚೆ ಕೊಡಬ್ಯಾಡ್ರಿ.”

ಆಮ್ಯಾಲೆ ಏನೇನಾತು ನೋಡ್ರಿ. 1953ರಾಗ ಬಳ್ಳಾರಿ ಮೈಸೂರು ರಾಜ್ಯಕ್ಕ ಸೇರಿತು, 1956ರಾಗ ಆಚೆ ದಂಡಿನೂ ಬಂತು. ಗಡಿ ಅಳಿಸಿತು, ಸೇತುವೆ ಮಾತ್ರ ಬರಲಿಲ್ಲ. ತಳವಾರಘಟ್ಟದ ಹತ್ರ ಆನೆಗೊಂದಿಗೆ ಸೇತುವೆ ಕಟ್ಟಾಕ ಹತ್ತಿದ್ರು. ಹಂಪಿ 1986ರಾಗೇ ವಿಶ್ವ ಪರಂಪರೆ ಪಟ್ಟಿಗೆ ಸೇರಿತ್ತು. ಸೇತುವೆ ಹಂಪಿಯ ಚಂದ ಕೆಡಿಸ್ತದ ಅಂತ 1999ರಾಗ ಯುನೆಸ್ಕೋದವರು ಹಂಪಿಯನ್ನು ಅಪಾಯದ ಪಟ್ಟಿಗೆ ಹಾಕಿದ್ರು. ಕಡೀಗೆ 2009ರ ಜನವರ್ಯಾಗ ಆ ಸೇತುವೆ ಕಟ್ಟುವಾಗಲೇ ಕುಸಿದು ದುಡಿಯೋ ಮಂದಿ ಸತ್ತರು. ಕೊನೀಗೆ ಸೇತುವೆ ಬಂದದ್ದು ನಮ್ಮೂರಿಗೂ ಕಡೆಬಾಗಿಲಿಗೂ ನಡುವೆ. ಅಜ್ಜಿ ಅದನ್ನ ನೋಡಲಿಲ್ಲ.

ಇನ್ನೊಂದು ತಮಾಷಿ. 2021ರಾಗ ವಿಜಯನಗರ ಜಿಲ್ಲೆ ಆತು. ಪಕ್ಕದ ರಾಮಸಾಗರ ಕಂಪ್ಲಿ ತಾಲೂಕಿನ ಜೋಡಿ ಬಳ್ಳಾರ್ಯಾಗೇ ಉಳೀತು, ನಾವು ಹೊಸಪೇಟೆ ಜೋಡಿ ಈ ಕಡೆ. ಅಳಿಸಿದ ಕಡೆ ಒಂದು ಗೆರಿ, ಇಲ್ಲದ ಕಡೆ ಒಂದು ಗೆರಿ. ಗೆರಿ ಎಳೆಯೋರು ಹೆಣ್ಣುಮಕ್ಕಳನ್ನ ಕೇಳಿ ಎಳೆಯೋದಿಲ್ಲ.

ಇಷ್ಟೆಲ್ಲ ಅತ್ತಿಯವರಿಗೆ ಹೇಳಿದೆ. ಸುಮ್ನೆ ಕೇಳಿದ್ರು. “2024ರಾಗ ಡ್ಯಾಮಿನ ಹತ್ತೊಂಬತ್ತನೇ ಗೇಟು ಕೊಚ್ಚಿಕೊಂಡು ಹೋತಲ್ಲ, ಹೊಳಿ ನಂಬಬ್ಯಾಡ” ಅಂದ್ರು. ಅದೂ ಖರೇನೇ. ಮರುದಿನ ಮಗ ಗಾಡ್ಯಾಗ ಅವರನ್ನ ಸೇತುವೆ ಮ್ಯಾಲೆ ಕರಕೊಂಡು ಹೋದ. ನಡುವಿಗೆ ಇಳಿದು ಕೆಳಗ ನೋಡಿಕೊಂತ ನಿಂತ್ರು. ಎಲಿ, ಅಡಿಕಿ, ಅರಿಷಿಣ ಕುಂಕುಮ, ಒಂದು ಕಣ ನೀರಿಗೆ ಬಿಟ್ಟು ಗಂಗವ್ವಗ ಕೈ ಮುಗಿದ್ರು. “ಇಷ್ಟೇ ದೂರಕ್ಕ ಅಕಿ ಅಷ್ಟು ಅತ್ತಳಲ್ಲ” ಅಂದದ್ದು ನನಗ ಕೇಳಿಸ್ತು.

ಮನಿಗೆ ಬಂದ ಮ್ಯಾಲೆ ಅವರದು ಎರಡು ಮಾತು. ಒಂದು, ಮೊದಲು ಹುಡುಗಿಯನ್ನ ಕೇಳ್ರಿ, ಅಕಿಗೆ ಮನಸಿದ್ರ ಮುಂದಿನ ಮಾತು. ಎರಡು, ಮಾತುಕತಿ ದಿನ ಬೀಗರ ಎದುರಿಗೆ ಕೇಳಬೇಕು: ಮಳಿ ಇರಲಿ, ಹೊಳಿ ಇರಲಿ, ಪಂಚಮಿಗೆ ನಮ್ಮ ಹುಡುಗಿಯನ್ನ ತಪ್ಪದಂಗ ಕಳಿಸ್ತೀರೇನು?

ಹುಡುಗಿ ಹೂಂ ಅಂದಾಳ. ಬೀಗರನ್ನ ಮುಂದಿನ ಸೋಮವಾರ ಕರೆದೀವಿ. ಎರಡನೇ ಮಾತು ನಾನೇ ಕೇಳಾಕಿ.