ಮುನ್ಷಿಯ ದಿನಚರಿ ಕಲಿಸುವ ಪಾಠ

ನಮ್ಮ ಬಬ್ಬೂರಿನಲ್ಲಿ ಪಿ.ಯು.ಸಿ. ಮುಗಿಸಿದ ವಿದ್ಯಾರ್ಥಿನಿಯೊಬ್ಬಳು ಬಿ.ಎ.ಯಲ್ಲಿ ಅಂತರರಾಷ್ಟ್ರೀಯ ಸಂಬಂಧಗಳನ್ನು ಓದುತ್ತೇನೆ ಎಂದಾಗ ಮನೆಯವರು, "ಅದು ದೆಹಲಿಯ ಮಕ್ಕಳ ಓದು, ನಮಗೇಕಮ್ಮ?" ಎಂದರಂತೆ. ಆಕೆ ನನ್ನ ಬಳಿ ಬಂದು, "ಸರ್, ನನ್ನಿಂದ ಆಗುತ್ತದೆಯೇ? ಹೇಗೆ ಓದಬೇಕು?" ಎಂದು ಕೇಳಿದಳು. ಉತ್ತರವಾಗಿ ನಾನು ಅವಳಿಗೆ ಒಂದು ಹಳೆಯ ದಿನಚರಿಯ ಕಥೆ ಹೇಳಿದೆ.

1779ರಲ್ಲಿ ಹೈದರಾಲಿ ಚಿತ್ರದುರ್ಗವನ್ನು ಗೆದ್ದ ಮೇಲೆ ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು. ಅದೇ ಮೈಸೂರಿನಿಂದ ಟಿಪ್ಪು ಸುಲ್ತಾನರು ತುರ್ಕಿಯ ಸುಲ್ತಾನರ ಬಳಿಗೆ ರಾಯಭಾರಿಗಳನ್ನು ಕಳುಹಿಸಿದರು. 1786ರ ಮಾರ್ಚ್‌ನಲ್ಲಿ ಉತ್ತರ ಕನ್ನಡದ ತದಡಿ ಬಂದರಿನಿಂದ ನಾಲ್ಕು ಹಡಗುಗಳು ಹೊರಟವು. ಗುಲಾಂ ಅಲಿ ಖಾನರು ಮುಖ್ಯ ರಾಯಭಾರಿ. ಅವರ ಜೊತೆಯಲ್ಲಿದ್ದ ಮುನ್ಷಿ ಖ್ವಾಜಾ ಅಬ್ದುಲ್ ಖಾದಿರರು ಮಸ್ಕತ್, ಬಸ್ರಾ ಮುಂತಾದ ಊರುಗಳಲ್ಲಿ ಕಂಡದ್ದನ್ನು, ರಾಯಭಾರಿಗಳ ಒಳಜಗಳವನ್ನೂ ಬಿಡದೆ, ಫಾರ್ಸಿಯಲ್ಲಿ ಬರೆದಿಟ್ಟರು. ಪ್ರೊ. ಮೊಹಿಬ್ಬುಲ್ ಹಸನ್ ಅವರು ಈ ದಿನಚರಿಯನ್ನು ಸಂಪಾದಿಸಿ 1968ರಲ್ಲಿ ಪ್ರಕಟಿಸಿದರು.

ಇದರ ಹೆಸರು 'ವಖಾಯಿ-ಎ-ಮನಾಜಿಲ್-ಎ-ರೂಮ್'. ವಖಾಯಿ ಎಂದರೆ ಘಟನೆಗಳು. ಮನಾಜಿಲ್ ಎಂಬುದು ನಾವು ಉರ್ದುವಿನಲ್ಲಿ ದಿನವೂ ಆಡುವ 'ಮಂಜಿಲ್' ಪದದ ಬಹುವಚನ. ರೂಮ್ ಎಂದರೆ ಅಂದಿನ ತುರ್ಕಿ ಸಾಮ್ರಾಜ್ಯ. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ, ಮುಂದೆ ಇಂಗ್ಲಿಷ್ ಕಲಿಯುವ ನಮ್ಮ ಮಕ್ಕಳಿಗೆ ಈ ವಿಷಯದಲ್ಲಿ ಭಾಷೆಯೇ ಬಂಡವಾಳ. ಇದು ಮೊದಲ ಪಾಠ.

ಎರಡನೆಯದು, ಓದುವಾಗ ಪಕ್ಕದಲ್ಲಿ ಭೂಪಟ ಇರಬೇಕು. ತದಡಿಯಿಂದ ಮಸ್ಕತ್, ಬಸ್ರಾಗಳ ತನಕ ಬೆರಳಿಟ್ಟು ನೋಡಿದರೆ, ಮೈಸೂರಿಗೆ ಆ ಬಂದರುಗಳ ವ್ಯಾಪಾರ ಏಕೆ ಬೇಕಾಗಿತ್ತೆಂಬುದು ತಾನಾಗಿ ತಿಳಿಯುತ್ತದೆ.

ಮೂರನೆಯದು, ಒಂದೇ ಪುಸ್ತಕವನ್ನು ನಂಬಿ ಕೂರಬಾರದು. ಮುನ್ಷಿಯ ದಿನಚರಿ ಇಸ್ತಾಂಬುಲ್ ತಲುಪುವ ಮೊದಲೇ ನಿಂತುಹೋಗುತ್ತದೆ. ಮುಂದೇನಾಯಿತೆಂದು ತಿಳಿಯಲು ತುರ್ಕಿ ಮತ್ತು ಇಂಗ್ಲಿಷ್ ದಾಖಲೆಗಳನ್ನು ಆಧರಿಸಿದ ಗ್ರಂಥಗಳನ್ನು ನೋಡಬೇಕು.

ನಾಲ್ಕನೆಯದು, 'ಏನಾಯಿತು' ಎಂಬುದರ ಜೊತೆಗೆ 'ಏಕಾಯಿತು' ಎಂದೂ ಕೇಳಬೇಕು. 1787ರಲ್ಲಿ ಇಸ್ತಾಂಬುಲ್ ತಲುಪಿದ ರಾಯಭಾರಿಗಳಿಗೆ ಸುಲ್ತಾನ್ ಒಂದನೆಯ ಅಬ್ದುಲ್ ಹಮೀದರಿಂದ ಗೌರವ ದೊರೆಯಿತು, ಸೇನಾ ನೆರವು ದೊರೆಯಲಿಲ್ಲ. ಒಂದೇ ಧರ್ಮದವರಾಗಿಯೂ ಏಕೆ ಹೀಗೆ? ಅದೇ ವರ್ಷ ತುರ್ಕಿಗೆ ರಷ್ಯಾದೊಡನೆ ಯುದ್ಧ ಆರಂಭವಾಗಿತ್ತು. ಆ ಹೊತ್ತಿನಲ್ಲಿ ಬ್ರಿಟಿಷರ ವಿರೋಧ ಕಟ್ಟಿಕೊಳ್ಳುವುದು ಅವರಿಗೆ ಬೇಡವಾಗಿತ್ತು. ರಾಜ್ಯಗಳು ನಂಟಿಗಿಂತ ತಮ್ಮ ಹಿತವನ್ನು ಮೊದಲು ನೋಡುತ್ತವೆ ಎಂಬುದನ್ನು ಈ ಒಂದು ಘಟನೆಯಿಂದಲೇ ಕಲಿಯಬಹುದು. ರೋಗ, ಚಳಿಗಳಿಗೆ ತುತ್ತಾಗಿ ನೂರಾರು ಜನ ದಾರಿಯಲ್ಲೇ ತೀರಿಕೊಂಡರು. ಮರಳಿ ಬಂದವರು ಕೆಲವರೇ. ಇಸವಿಗಳ ಹಿಂದೆ ಮನುಷ್ಯರ ಪ್ರಾಣ ಇದೆಯೆಂಬುದನ್ನೂ ಮರೆಯಬಾರದು.

ಕೊನೆಯದಾಗಿ, ಮುನ್ಷಿಯವರಂತೆ ಪ್ರತಿದಿನ ಬರೆಯಬೇಕು. ಪತ್ರಿಕೆಯ ಒಂದು ವಿದೇಶಿ ಸುದ್ದಿಯನ್ನು ಓದಿ, ಪುಸ್ತಕ ಮುಚ್ಚಿ, ಸ್ವಂತ ಮಾತಿನಲ್ಲಿ ಹತ್ತು ಸಾಲು ಬರೆದರೆ ಸಾಕು. ಗೈಡುಗಳನ್ನು ಬಾಯಿಪಾಠ ಮಾಡಿದವರಿಗೆ ಈ ಶಕ್ತಿ ಬರುವುದಿಲ್ಲ.

ಆ ವಿದ್ಯಾರ್ಥಿನಿ ಈಗ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಭೂಪಟ ಅಂಟಿಸಿಕೊಂಡಿದ್ದಾಳೆ. ಅವಳ ತಂದೆ ಇನ್ನೂ ಒಪ್ಪಿಲ್ಲ. ಪೋಷಕರಲ್ಲಿ ನನ್ನ ವಿನಂತಿ ಇಷ್ಟೇ: ಸುಮಾರು 240 ವರ್ಷಗಳ ಹಿಂದೆಯೇ ನಮ್ಮ ನಾಡಿನವರು ಇಸ್ತಾಂಬುಲಿನ ದರ್ಬಾರಿನಲ್ಲಿ ನಿಂತು ಮಾತನಾಡಿದ್ದಾರೆ. ಅವರ ಬಗ್ಗೆ ಓದಲು ನಮ್ಮ ಮಗಳನ್ನು ಕಾಲೇಜಿಗೆ ಕಳುಹಿಸಲು ಹಿಂಜರಿಕೆ ಏಕೆ?